ಆರೋಗ್ಯ ದಾಸೋಹ: ಹಾಲು ಒಗ್ಗದ ಮಗುವಿಗೆ ತಣ್ಣನೆಯ ಸಿಹಿ



ಕಳೆದ ವರ್ಷ ಬಸವ ಜಯಂತಿಯಂದು ನಮ್ಮ ಸೀಮೆಯ ಮಠವೊಂದರ ದಾಸೋಹದಲ್ಲಿ ನನ್ನಿಂದ ಒಂದು ತಪ್ಪು ನಡೆಯಿತು. ಅದನ್ನು ಹೇಳಿಕೊಳ್ಳದೆ ಈ ತಿಂಗಳ ವಿಷಯಕ್ಕೆ ಬರುವುದು ಸರಿಯಲ್ಲ. ಪಂಕ್ತಿಯಲ್ಲಿ ನನ್ನ ಬಲಬದಿಗೆ ಹೊಸನಗರ ತಾಲ್ಲೂಕಿನ ಭಕ್ತರೊಬ್ಬರ ಮನೆಯ ಎಂಟು ವರ್ಷದ ಬಾಲಕಿ ತನ್ನ ಅಜ್ಜಿಯೊಡನೆ ಕುಳಿತಿದ್ದಳು. ಹಾಲನ್ನು ಅರ್ಧಕ್ಕೆ ಇಂಗುವಂತೆ ಕುದಿಸಿ ಮಾಡಿದ ಶಾವಿಗೆ ಪಾಯಸ ಬಂದಿತು. ಮಗು ಎಲೆಗೆ ಅಡ್ಡವಾಗಿ ಕೈಹಿಡಿದು ಬೇಡವೆಂದಿತು. "ಪ್ರಸಾದವನ್ನು ಬೇಡವೆನ್ನಬಾರದು, ಮಗಳೇ" ಎಂದು ಹೇಳಿ, ಬಡಿಸುವವರಿಗೆ ನಾನೇ ಸನ್ನೆ ಮಾಡಿದೆ. ಒಂದಲ್ಲ, ಎರಡು ಸೌಟು. ಮಗು ನನ್ನ ಮುಖವನ್ನೇ ನೋಡುತ್ತ ಉಂಡಿತು. ಸಂಜೆ ಮೆರವಣಿಗೆ ಹೊರಡುವ ವೇಳೆಗೆ ಅದು ಮಠದ ಹಿಂಬದಿಯ ಕೋಣೆಯಲ್ಲಿ ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿತ್ತು. ನಾಲ್ಕೈದು ಬಾರಿ ಭೇದಿಯೂ ಆಗಿತ್ತು. ಅಜ್ಜಿ ನನ್ನನ್ನು ದೂರಲಿಲ್ಲ. "ಶಾಸ್ತ್ರಿಗಳೇ, ಇದಕ್ಕೆ ಹಾಲು ಆಗಿಬರುವುದಿಲ್ಲ. ನಿಮಗೆ ಹೇಗೆ ಹೇಳುವುದೆಂದು ಸುಮ್ಮನಾದೆ" ಎಂದಷ್ಟೇ ಹೇಳಿದರು.

ಮಠದಲ್ಲಿ ಬೆಳೆದು, ಅಷ್ಟಾವರಣಗಳ ಪಾಠವನ್ನು ಹತ್ತಾರು ವರ್ಷ ಇತರರಿಗೆ ಹೇಳಿಕೊಟ್ಟವನು ನಾನು. ಪ್ರಸಾದವೆಂಬುದು ಪದಾರ್ಥದಲ್ಲಿಲ್ಲ, ಅರ್ಪಿತದಲ್ಲಿದೆ ಎಂದು ಅನೇಕ ವೇದಿಕೆಗಳ ಮೇಲೆ ವಿವರಿಸಿದವನು. ಆದರೂ ಆ ಗಳಿಗೆಯಲ್ಲಿ ಪಾಯಸವನ್ನೇ ಪ್ರಸಾದವೆಂದು ತಿಳಿದೆ. ಮರುವಾರ ಆ ಮನೆಗೆ ಹೋದೆ.

ಅಲ್ಲಿ ತಿಳಿದ ಸಂಗತಿ ಇನ್ನೂ ಚಿಂತೆಗೀಡುಮಾಡಿತು. ಮಗುವಿನ ತೊಂದರೆ ಎರಡು ವರ್ಷಗಳ ಹಿಂದೆಯೇ ಮನೆಯವರ ಗಮನಕ್ಕೆ ಬಂದಿತ್ತು. ಪೇಟೆಯಲ್ಲಿ ಪ್ರಕೃತಿ ಚಿಕಿತ್ಸಕನೆಂದು ಫಲಕ ಹಾಕಿಕೊಂಡಿದ್ದ ಒಬ್ಬರ ಬಳಿ ತೋರಿಸಿದಾಗ, ಆತ ನಾಡಿ ಹಿಡಿದು ನೋಡಿ, ಮಗುವಿಗೆ ಮಾತ್ರವಲ್ಲ ಮನೆಮಂದಿಗೆಲ್ಲ ಹಾಲು, ಮೊಸರು, ತುಪ್ಪ ಆಜೀವ ನಿಷಿದ್ಧವೆಂದು ವಿಧಿಸಿದ್ದರಂತೆ. ಯಾವುದೋ ಪುಡಿಯನ್ನೂ ಕೊಟ್ಟಿದ್ದರು. ಅಂದಿನಿಂದ ಅಜ್ಜಿ ಪಂಚಾಮೃತದ ತೀರ್ಥವನ್ನು ಮೊಮ್ಮಗಳ ಕೈಗೆ ಹಾಕುವುದನ್ನು ನಿಲ್ಲಿಸಿದ್ದರು. ಕೊಟ್ಟಿಗೆಯ ಹಸುವನ್ನು ಮಾರುವ ಮಾತೂ ನಡೆದಿತ್ತು. ಮಗು ಮಾತ್ರ ತೂಕ ಹಾಕಿರಲಿಲ್ಲ. ಆ ಚಿಕಿತ್ಸಕರ ವಿದ್ಯಾಭ್ಯಾಸವೇನೆಂದು ಕೇಳಿದೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಿಚಾರಿಸಿದಾಗ ತಿಳಿದದ್ದು, ಅಂಚೆಯ ಮೂಲಕ ಕೆಲವು ತಿಂಗಳ ಪಾಠವಷ್ಟೇ.

ಹೆಣ್ಣು ಕೊಡುವಾಗ ಗಂಡಿನ ಮನೆತನ, ಗುರುಮಠ, ಜಮೀನು, ನಡತೆ ಎಲ್ಲವನ್ನೂ ವಿಚಾರಿಸುವ ನಾವು ಮಗುವಿನ ದೇಹವನ್ನು ಒಪ್ಪಿಸುವಾಗ ಮಾತ್ರ ಏನನ್ನೂ ಕೇಳುವುದಿಲ್ಲ. ಕೇಳುವುದು ಅಗೌರವವೆಂದು ಭಾವಿಸುತ್ತೇವೆ.

ಹಾಗೆಂದು ಪ್ರಕೃತಿ ಚಿಕಿತ್ಸೆಯ ಮೂಲಪುರುಷರು ಪದವೀಧರರಾಗಿದ್ದರೆಂದು ಯಾರೂ ತಿಳಿಯಬೇಕಿಲ್ಲ. ತಣ್ಣೀರಿನ ಉಪಚಾರವನ್ನು ಯೂರೋಪಿನಲ್ಲಿ ಪ್ರಸಿದ್ಧಿಗೆ ತಂದ ವಿನ್ಸೆಂಟ್ ಪ್ರೀಸ್ನಿಟ್ಸ್ (1799-1851) ಒಬ್ಬ ರೈತ. ಸೆಬಾಸ್ಟಿಯನ್ ಕ್ನೈಪ್ (1821-1897) ನೇಕಾರನ ಮಗ, ಕ್ರೈಸ್ತ ಪಾದ್ರಿ. ಗಾಂಧೀಜಿಯವರ ಮೇಲೆ ಬಹಳ ಪ್ರಭಾವ ಬೀರಿದ ಲೂಯಿ ಕೂನೆ ಮರಗೆಲಸ ಬಲ್ಲವನು. ಕಾಯಕದಿಂದ ಬಂದ ಜ್ಞಾನವನ್ನು ಗೌರವಿಸುವ ನಮ್ಮ ಪರಂಪರೆಗೆ ಇದು ವಿಚಿತ್ರವಾಗಿ ಕಾಣಬಾರದು. 12ನೆಯ ಶತಮಾನದ ಶರಣರ ಗಣದಲ್ಲಿ ವೈದ್ಯ ಸಂಗಣ್ಣನವರೂ ಇದ್ದರಷ್ಟೆ. ಆದರೆ ಆ ಹಿರಿಯರು ತಮ್ಮ ದೇಹದ ಮೇಲೆ ಪರೀಕ್ಷಿಸಿ, ಸಾವಿರಾರು ರೋಗಿಗಳನ್ನು ಕಣ್ಣಾರೆ ಕಂಡು ಕಲಿತವರು. ಅವರ ಹೆಸರು ಹೇಳಿಕೊಂಡು ಫಲಕ ತೂಗುಹಾಕುವುದು ಬೇರೆ ಮಾತು. ಇಂದು ಕಲಿಯಲು ದಾರಿಯೂ ಇದೆ. ನಮ್ಮ ನಾಡಿನಲ್ಲಿ ಧರ್ಮಸ್ಥಳದ ಸಂಸ್ಥೆಯವರು ಉಜಿರೆಯಲ್ಲಿ 1989ರಲ್ಲಿ ಪ್ರಕೃತಿ ಚಿಕಿತ್ಸೆ ಹಾಗೂ ಯೋಗ ವಿಜ್ಞಾನದ ಕಾಲೇಜನ್ನು ತೆರೆದರು. ಬಿ.ಎನ್.ವೈ.ಎಸ್. ಎಂಬ ಈ ಪದವಿಗೆ ಒಂದು ವರ್ಷದ ಆಸ್ಪತ್ರೆ ತರಬೇತಿಯೂ ಸೇರಿ ಐದೂವರೆ ವರ್ಷ ಹಿಡಿಯುತ್ತದೆ. ಅಂಗರಚನೆ, ಶರೀರಕ್ರಿಯೆ, ರೋಗಲಕ್ಷಣಶಾಸ್ತ್ರ ಮುಂತಾದವನ್ನು ಓದಿದ ಮೇಲೆಯೇ ಜಲಚಿಕಿತ್ಸೆ, ಮಣ್ಣಿನ ಪಟ್ಟಿ, ಉಪವಾಸ, ಪಥ್ಯಾಹಾರಗಳನ್ನು ಅಲ್ಲಿ ಕಲಿಸುತ್ತಾರೆ.

ಆ ಮಗುವನ್ನು ಕರೆದುಕೊಂಡು ನಾವು ಹೋದದ್ದು ಅಂಥ ಪದವಿ ಪಡೆದು ಸಾಗರದಲ್ಲಿ ವೃತ್ತಿ ನಡೆಸುತ್ತಿರುವ ವೈದ್ಯೆಯ ಬಳಿಗೆ. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವರು. ಹಳ್ಳಿಯ ಜನ ಅವರನ್ನು ಡಾಕ್ಟರಮ್ಮ ಎಂದೇ ಕರೆಯುತ್ತಾರೆ. ಹಿಂದಿನ ಅನುಭವದಿಂದ ಎಚ್ಚೆತ್ತಿದ್ದ ನಾನು ಅವರ ಓದು, ನೋಂದಣಿ ಎಲ್ಲವನ್ನೂ ಕೇಳಿಯೇಬಿಟ್ಟೆ. ಅವರು ಸ್ವಲ್ಪವೂ ಬೇಸರಿಸದೆ ಉತ್ತರಿಸಿದರು. ಅವರು ಹೇಳಿದ್ದರಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ಮಾತೆಂದರೆ, "ನಾನು ಕಲಿತದ್ದರಲ್ಲಿ ಮುಖ್ಯವಾದದ್ದು, ಯಾವ ರೋಗಿಯನ್ನು ನಾನು ನೋಡಬಾರದು, ಬೇರೆಡೆಗೆ ಕಳುಹಿಸಬೇಕು ಎಂಬುದು." ಅಂತೆಯೇ ಮಗುವನ್ನು ಮೊದಲು ಶಿವಮೊಗ್ಗದ ಮಕ್ಕಳ ತಜ್ಞರಿಗೆ ತೋರಿಸಿ ಬರಲು ಹೇಳಿದರು. ಅಲ್ಲಿಂದ ಬಂದ ಮೇಲೆ ಎರಡು ವಾರ ಹಾಲನ್ನು ಪೂರ್ತಿ ಬಿಡಿಸಿ, ದಿನದಿನದ ಸ್ಥಿತಿಯನ್ನು ಮಗುವಿನ ತಾಯಿಯಿಂದ ಒಂದು ಪುಸ್ತಕದಲ್ಲಿ ಬರೆಸಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ಮಜ್ಜಿಗೆ, ಮೊಸರು ಕೊಟ್ಟು ಪರೀಕ್ಷಿಸಿದರು.

ಅವರು ತಿಳಿಸಿಕೊಟ್ಟ ಸಂಗತಿಯನ್ನು ಎಲ್ಲ ತಾಯಂದಿರೂ ಅರಿತಿರಬೇಕು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ನೂರು ಮಿಲಿ ಲೀಟರಿಗೆ ಹೆಚ್ಚುಕಡಿಮೆ ಐದು ಗ್ರಾಂ. ಅದನ್ನು ಜೀರ್ಣಿಸಲು ಸಣ್ಣಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎಳೆಕೂಸಿನಲ್ಲಿ ಅದು ಧಾರಾಳವಾಗಿದ್ದು, ಬೆಳೆಯುತ್ತ ಹೋದಂತೆ ಅನೇಕರಲ್ಲಿ ಕುಂದುತ್ತದೆ. ಭಾರತದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಹೀಗಾಗುವುದು ಹೆಚ್ಚು. ಜೀರ್ಣವಾಗದ ಸಕ್ಕರೆ ದೊಡ್ಡಕರುಳಿಗೆ ಇಳಿದು ಅಲ್ಲಿ ಹುಳಿತು ವಾಯು, ನೋವು, ಭೇದಿಗಳನ್ನು ಉಂಟುಮಾಡುತ್ತದೆ. ಇದು ಕಾಯಿಲೆಯಲ್ಲ, ಪಾಪದ ಫಲವಂತೂ ಅಲ್ಲ. ತೊಂದರೆ ಪ್ರಮಾಣವನ್ನು ಅವಲಂಬಿಸಿದೆ. ಒಂದು ಉದ್ಧರಣೆ ತೀರ್ಥದಲ್ಲಿರುವ ಹಾಲಿನಿಂದ ಏನೂ ಆಗದು. ಹಾಲನ್ನು ಅರ್ಧಕ್ಕೆ ಇಂಗಿಸಿದರೆ ಅದೇ ಸೌಟಿನಲ್ಲಿ ಎರಡರಷ್ಟು ಲ್ಯಾಕ್ಟೋಸ್ ಬರುತ್ತದೆ. ನಾನು ಎರಡು ಸೌಟು ಬಡಿಸಿದ್ದೆ. ಮೊಸರಾಗುವಾಗ ಅದರ ಒಂದು ಭಾಗ ಹುಳಿಯಾಗಿ ಮಾರ್ಪಡುವುದರಿಂದ ಮೊಸರು ಮಜ್ಜಿಗೆಗಳನ್ನು ಇಂಥವರಲ್ಲಿ ಹಲವರು ತಾಳಿಕೊಳ್ಳುತ್ತಾರೆ. ತುಪ್ಪದಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ.

ಆದರೆ ಹಾಲಿನ ಅಲರ್ಜಿ ಎಂಬುದು ಬೇರೆಯೇ ಒಂದು ಸ್ಥಿತಿ. ಅದು ಹಾಲಿನ ಸಕ್ಕರೆಯಿಂದಲ್ಲ, ಪ್ರೋಟೀನಿನಿಂದ ಬರುವುದು. ಮೈಮೇಲೆ ದದ್ದು, ತುಟಿ ಮುಖಗಳ ಊತ, ಉಬ್ಬಸ ಕಂಡರೆ ಒಂದು ಹನಿ ತೀರ್ಥವೂ ಅಪಾಯವೇ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇವೆರಡರ ವ್ಯತ್ಯಾಸವನ್ನು ನಾಡಿ ಹಿಡಿದು ಹೇಳಲಾಗದು. ನಮ್ಮ ಮಗುವಿಗೆ ಇದ್ದದ್ದು ಮೊದಲನೆಯದು. ಹಸು ಕೊಟ್ಟಿಗೆಯಲ್ಲೇ ಉಳಿಯಿತು.

ಪ್ರಕೃತಿ ಚಿಕಿತ್ಸೆಗೂ ಹಾಲಿಗೂ ವೈರವೆಂಬ ಭಾವನೆ ಹೇಗೆ ಹುಟ್ಟಿತೋ ತಿಳಿಯದು. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ 1912ರಲ್ಲಿ ಹಾಲನ್ನು ಬಿಟ್ಟವರು. 1918ರಲ್ಲಿ ಭೇದಿಯಿಂದ ಸಾವಿನ ಅಂಚಿಗೆ ಹೋದಾಗ, ಕಸ್ತೂರ್‌ಬಾ ಅವರ ಮಾತಿನಂತೆ ಆಡಿನ ಹಾಲನ್ನು ಸ್ವೀಕರಿಸಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲವೆಂದು ಕೊನೆಯವರೆಗೂ ಕೊರಗಿದರು. 1927ರಲ್ಲಿ ಅಸ್ವಸ್ಥರಾಗಿ ನಂದಿಬೆಟ್ಟದಲ್ಲಿ ವಿಶ್ರಮಿಸಿದ ಬಳಿಕ ಬೆಂಗಳೂರಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ವಿದ್ಯಾರ್ಥಿಯಂತೆ ಹೋಗಿ ಗೋಪಾಲನೆಯ ಕ್ರಮವನ್ನು ಕಲಿತರು. (ಅದೇ ವರ್ಷ ನಮ್ಮ ಸಾಗರಕ್ಕೂ ಬಂದರು, ಜೊತೆಯವರು ಜೋಗವನ್ನು ನೋಡಲು ಹೋದರೂ ಅವರು ಹೋಗಲಿಲ್ಲವೆಂದು ಕಾಕಾ ಕಾಲೇಲ್ಕರರು ಬರೆದಿದ್ದಾರೆ.) 1946ರಲ್ಲಿ ಪುಣೆಯ ಬಳಿಯ ಉರುಳಿ ಕಾಂಚನದಲ್ಲಿ ಅವರು ನಿಸರ್ಗೋಪಚಾರ ಆಶ್ರಮವನ್ನು ಆರಂಭಿಸಿದಾಗ ಅದರ ಹೊಣೆ ಹೊತ್ತವರು ಮಣಿಭಾಯಿ ದೇಸಾಯಿ. ಆ ಮಣಿಭಾಯಿಯವರೇ 1967ರಲ್ಲಿ ಬೈಫ್ ಸಂಸ್ಥೆಯನ್ನು ಕಟ್ಟಿ ದೇಶದ ಹಳ್ಳಿಹಳ್ಳಿಗೆ ಹೈನು ರಾಸುಗಳ ತಳಿ ಸುಧಾರಣೆಯನ್ನು ಒಯ್ದರು. ನಿಸರ್ಗೋಪಚಾರದ ಅಂಗಳದಿಂದಲೇ ಹಾಲಿನ ಹೊಳೆ ಹರಿದಂತಾಯಿತು.

ಇನ್ನು ಸಿಹಿಯ ವಿಚಾರ. ಎಂಟು ವರ್ಷದ ಮಗುವಿಗೆ ಲ್ಯಾಕ್ಟೋಸಿನ ವ್ಯಾಖ್ಯಾನದಿಂದ ಸಮಾಧಾನವಾದೀತೇ? ಅದಕ್ಕೆ ಬೇಕಾದದ್ದು ಐಸ್‌ಕ್ರೀಂ. ತಂಗಿಯ ಹುಟ್ಟುಹಬ್ಬಕ್ಕೆ ಎಲ್ಲರೂ ತಿನ್ನುವಾಗ ತಾನೊಬ್ಬಳೇ ಬಾಳೆಹಣ್ಣು ಹಿಡಿದು ಕೂರುವುದು ಅದಕ್ಕೆ ದೊಡ್ಡ ದುಃಖ. ತಂದೆ ಪೇಟೆಯಲ್ಲಿ ಹುಡುಕಿ, 'ಫ್ರೋಜನ್ ಡೆಸರ್ಟ್' ಎಂದು ಬರೆದ ಬಟ್ಟಲನ್ನು ತಂದರು. ಅದು ಹಾಲಿನದಲ್ಲ, ಸಸ್ಯಜನ್ಯ ಕೊಬ್ಬಿನದು ಎಂದು ಯಾರೋ ಹೇಳಿದ್ದರಂತೆ. ರಾತ್ರಿ ಮತ್ತೆ ಹೊಟ್ಟೆನೋವು. ಬಟ್ಟಲಿನ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದಾಗ ಗುಟ್ಟು ತಿಳಿಯಿತು. ಅಂಥ ಸಿಹಿಯಲ್ಲಿ ಹಾಲಿನ ಕೊಬ್ಬಿನ ಬದಲು ತಾಳೆ ಮುಂತಾದವುಗಳ ಎಣ್ಣೆ ಇರುವುದು ನಿಜ. ಆದರೆ ಕೆನೆ ತೆಗೆದ ಹಾಲಿನ ಪುಡಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಲ್ಯಾಕ್ಟೋಸ್ ಇರುವುದು ಆ ಪುಡಿಯಲ್ಲಿಯೇ. ಕೊಳ್ಳುವವರು 'ಮಿಲ್ಕ್ ಸಾಲಿಡ್ಸ್' ಎಂಬ ಮಾತು ಇದೆಯೇ ಎಂದು ನೋಡತಕ್ಕದ್ದು.

ಡಾಕ್ಟರಮ್ಮನವರಿಗೆ ಈ ಸಂಗತಿ ತಿಳಿಸಿದಾಗ ಅವರು ನಕ್ಕು, "ನಿಮ್ಮ ಮನೆಯಲ್ಲೇ ಬೇರೆ ಹಾಲುಗಳಿವೆಯಲ್ಲ, ಅಜ್ಜಿ" ಎಂದರು. ನನಗೂ ಆಗಲೇ ಹೊಳೆದದ್ದು. ನಮ್ಮ ನುಡಿಯಲ್ಲಿ ಹಾಲೆಂದರೆ ಹಸುವಿನದೊಂದೇ ಅಲ್ಲ. ತೆಂಗಿನಕಾಯಿಯನ್ನು ರುಬ್ಬಿ ಹಿಂಡಿದ್ದು ಕಾಯಿಹಾಲು. ನೆನೆಸಿದ ರಾಗಿಯನ್ನು ಅರೆದು ಸೋಸಿದ್ದು ರಾಗಿಹಾಲು. ಆಲೆಮನೆಯಲ್ಲಿ ಕುಡಿಯುವುದು ಕಬ್ಬಿನ ಹಾಲು. ಅಕ್ಕಿ, ಕಾಯಿ, ಬೆಲ್ಲಗಳಿಂದ ಮಾಡುವ ಹಾಲುಬಾಯಿಯ ಹೆಸರಿನಲ್ಲಿ ಹಾಲಿದೆಯೇ ಹೊರತು ಹಸುವಿನ ಹಾಲಿನ ಒಂದು ತೊಟ್ಟೂ ಇಲ್ಲ. ಕೆಳದಿಯ ಬಸವಪ್ಪನಾಯಕರು 18ನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವ ರತ್ನಾಕರ'ವೆಂಬ ವಿಶ್ವಕೋಶದಲ್ಲಿ ತತ್ತ್ವ, ರಾಜನೀತಿಗಳ ಜೊತೆಗೆ ಪಾಕವಿಚಾರಕ್ಕೂ ಸ್ಥಾನ ಕೊಟ್ಟಿದ್ದಾರೆ. ಅಡಿಗೆಮನೆಯನ್ನು ಶಾಸ್ತ್ರದಿಂದ ಹೊರಗಿಟ್ಟ ಸೀಮೆ ನಮ್ಮದಲ್ಲ.

ಮಗುವಿನ ತಾಯಿಯ ತವರು ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಕಡೆ. ಅಲ್ಲಿ ಬೇಸಿಗೆಗೆ ರಾಗಿಮಣ್ಣಿ ಮಾಡುವ ರೂಢಿ. ಅದನ್ನೇ ಸ್ವಲ್ಪ ತೆಳುವಾಗಿಸಿ, ಕಾಯಿಹಾಲು ಸೇರಿಸಿ, ಹೆಪ್ಪುಗಟ್ಟಿಸಬಹುದೆಂದು ವೈದ್ಯೆಯೂ ಆ ತಾಯಿಯೂ ಕುಳಿತು ನಿರ್ಧರಿಸಿದರು. ಮೊದಲ ಸಲ ಮಾಡಿದ್ದು ಕಲ್ಲಾಯಿತು. ಸೌದೆ ಸೀಳುವ ಕೊಡಲಿ ತರಬೇಕಾದೀತೆಂದು ಮನೆಯ ಯಜಮಾನರು ಹಾಸ್ಯ ಮಾಡಿದರು. ಎರಡನೆಯ ಸಲದ್ದರಲ್ಲಿ ಮರಳಿನಂತೆ ಹಿಮದ ಹರಳು. ಮೂರನೆಯ ಸಲ ಹದ ಸಿಕ್ಕಿತು. ಆ ಕ್ರಮವನ್ನು ಕೆಳಗೆ ಕೊಟ್ಟಿದ್ದೇನೆ.

ನೂರು ಗ್ರಾಂ ರಾಗಿಯನ್ನು ಚೆನ್ನಾಗಿ ತೊಳೆದು ರಾತ್ರಿಯೆಲ್ಲ ನೆನೆಸಬೇಕು. ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಅದನ್ನು ನೀರು ಹಾಕಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಸುಮಾರು 300 ಮಿಲಿ ಲೀಟರು ಹಾಲು ತೆಗೆಯಬೇಕು. ಒಂದು ದೊಡ್ಡ ತೆಂಗಿನಕಾಯಿಯನ್ನು ತುರಿದು ಉಗುರು ಬೆಚ್ಚಗಿನ ನೀರಿನಲ್ಲಿ ರುಬ್ಬಿ ಹಿಂಡಿ, 250 ಮಿಲಿ ಲೀಟರಿನಷ್ಟು ಗಟ್ಟಿ ಹಾಲನ್ನು ಬೇರೆ ಇಡಬೇಕು. ಅದೇ ತುರಿಗೆ ಮತ್ತೆ ನೀರು ಹಾಕಿ ಹಿಂಡಿದರೆ ಅಷ್ಟೇ ಪ್ರಮಾಣದ ತೆಳು ಹಾಲು ಬರುತ್ತದೆ. ರಾಗಿಹಾಲನ್ನೂ ಈ ತೆಳು ಹಾಲನ್ನೂ ಕೂಡಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ, ಸೌಟಿನ ಬೆನ್ನಿಗೆ ಅಂಟುವ ಹದಕ್ಕೆ ಕಾಯಿಸಬೇಕು. ಮಣ್ಣಿಯಂತೆ ಗಟ್ಟಿಯಾಗಬಾರದು. ಇಳಿಸಿ, ಮುಕ್ಕಾಲು ಲೋಟ ಜೋನಿಬೆಲ್ಲ, ನಾಲ್ಕು ಏಲಕ್ಕಿಯ ಪುಡಿ, ಒಂದು ಚಿಟಿಕೆ ಉಪ್ಪು ಹಾಕಬೇಕು. ಅಚ್ಚುಬೆಲ್ಲವಾದರೆ 150 ಗ್ರಾಂ; ಕರಗಿಸಿ ಸೋಸದಿದ್ದರೆ ಮರಳು ಹಲ್ಲಿಗೆ ಸಿಗುತ್ತದೆ. ಪೂರ್ತಿ ಆರಿದ ಮೇಲೆ ಗಟ್ಟಿ ಕಾಯಿಹಾಲನ್ನೂ ಚೆನ್ನಾಗಿ ಕಳಿತ ಎರಡು ಪುಟ್ಟಬಾಳೆಹಣ್ಣನ್ನೂ ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಬೇಕು. ಗಟ್ಟಿ ಕಾಯಿಹಾಲನ್ನು ಕುದಿಸಿದರೆ ಒಡೆಯುತ್ತದೆ.

ಇದನ್ನು ಅಗಲವಾದ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿ, ಫ್ರಿಜ್ಜಿನಲ್ಲಿ ಮಂಜುಗಡ್ಡೆ ಮಾಡುವ ಖಾನೆಯಲ್ಲಿ ಇಡಬೇಕು. ಒಂದೂವರೆ ಗಂಟೆಯಲ್ಲಿ ಅಂಚು ಗಟ್ಟಿಯಾಗಿರುತ್ತದೆ. ಆಗ ತೆಗೆದು ಚೆನ್ನಾಗಿ ಕಡೆದು ಮತ್ತೆ ಇಡಬೇಕು; ಗಂಟೆಗೊಮ್ಮೆಯಂತೆ ಇನ್ನೆರಡು ಬಾರಿ ಹೀಗೆ ಮಾಡಬೇಕು. ಮೊದಲೆರಡು ಸಲ ಕೆಟ್ಟದ್ದಕ್ಕೆ ಕಾರಣ ಇಲ್ಲಿಯೇ ಇದೆ. ಸುಮ್ಮನೆ ಬಿಟ್ಟರೆ ನೀರು ದೊಡ್ಡ ದೊಡ್ಡ ಹರಳಾಗಿ ಕಟ್ಟುತ್ತದೆ. ಕಡೆದಾಗ ಹರಳು ಒಡೆದು ಸಣ್ಣದಾಗುತ್ತದೆ. ಬೆಂದ ರಾಗಿಯ ಪಿಷ್ಟ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಾಯಿಯ ಜಿಡ್ಡು ಮೃದುತ್ವ ಕೊಡುತ್ತದೆ, ಬೆಲ್ಲ ನೀರು ಹೆಪ್ಪುಗಟ್ಟುವ ಉಷ್ಣತೆಯನ್ನು ತಗ್ಗಿಸುತ್ತದೆ. ಆದ್ದರಿಂದ ಬೆಲ್ಲವನ್ನು ತೀರ ಕಡಿಮೆ ಮಾಡಿದರೆ ಮತ್ತೆ ಕಲ್ಲಾಗುತ್ತದೆ. ತಣ್ಣಗಿರುವಾಗ ನಾಲಗೆಗೆ ಸಿಹಿ ಕಡಿಮೆಯೆನಿಸುವುದೂ ಉಂಟು. ಎಂಟು ಹತ್ತು ಸಣ್ಣ ಬಟ್ಟಲಿಗೆ ಸಾಲುವಷ್ಟಾಗುತ್ತದೆ. ತಿನ್ನುವ ಹತ್ತು ನಿಮಿಷ ಮೊದಲು ಹೊರಗಿಡಬೇಕು. ಹಲಸಿನ ಕಾಲದಲ್ಲಿ ಬಾಳೆಹಣ್ಣಿನ ಬದಲು ಬಕ್ಕೆ ಹಲಸಿನ ತೊಳೆಯನ್ನು ಹಾಕಬಹುದು. ನನ್ನ ಮಟ್ಟಿಗೆ ಅದೇ ಮೇಲು.

ಫ್ರಿಜ್ಜಿಲ್ಲದವರು ಪೇಟೆಯಿಂದ ಮಂಜುಗಡ್ಡೆ ತಂದು ಪುಡಿಮಾಡಿ, ಮೂರು ಪಾಲಿಗೆ ಒಂದು ಪಾಲು ಕಲ್ಲುಪ್ಪು ಬೆರೆಸಿ, ಬಕೆಟ್ಟಿನಲ್ಲಿ ತುಂಬಿ, ನಡುವೆ ಮುಚ್ಚಳವುಳ್ಳ ಪಾತ್ರೆಯನ್ನಿಟ್ಟು ತಿರುಗಿಸುತ್ತಿರಬೇಕು. ಉಪ್ಪು ಬೆರೆತ ಮಂಜು ಸೊನ್ನೆ ಡಿಗ್ರಿಗಿಂತ ಬಹಳ ಕೆಳಗಿಳಿಯುತ್ತದೆ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಸಂತೋಷದಿಂದ ಮಾಡುತ್ತವೆ.

ಇದು ಹಾಲಿಗೆ ಬದಲಿ ಆಹಾರವೆಂದು ಯಾರೂ ತಿಳಿಯಬಾರದೆಂದು ಡಾಕ್ಟರಮ್ಮನವರು ಒತ್ತಿ ಹೇಳಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದ್ದರೂ ಅದರಲ್ಲಿ ಬಹಳಷ್ಟು ಸಿಪ್ಪೆಯಲ್ಲಿದ್ದು, ಸೋಸಿದಾಗ ಚರಟದೊಡನೆ ಹೋಗುತ್ತದೆ. ಉಳಿದದ್ದನ್ನು ಹತ್ತು ಬಟ್ಟಲಿಗೆ ಹಂಚಿದರೆ ಏನು ಸಿಕ್ಕೀತು? ಮಗುವಿನ ಮೂಳೆಗೆ ಬೇಕಾದದ್ದು ದಿನನಿತ್ಯದ ರಾಗಿರೊಟ್ಟಿ, ಎಳ್ಳು, ನುಗ್ಗೆಸೊಪ್ಪು, ಮತ್ತು ಒಗ್ಗುವಷ್ಟು ಮಜ್ಜಿಗೆಯಿಂದ ಬರಬೇಕು. ಕಾಯಿಹಾಲಿನಲ್ಲಿ ಜಿಡ್ಡು ಬಹಳ. ಸಕ್ಕರೆ ಕಾಯಿಲೆಯವರು ಬೆಲ್ಲವಾದರೇನಾಯಿತೆಂದು ಬಟ್ಟಲಿಗೆ ಕೈಹಾಕಬಾರದು. ಇನ್ನು ಪ್ರಕೃತಿ ಚಿಕಿತ್ಸೆಯ ಕಟ್ಟಾ ಅನುಯಾಯಿಗಳು, ಮಂಜಿನಂಥ ಪದಾರ್ಥ ಜಠರಾಗ್ನಿಯನ್ನು ನಂದಿಸುತ್ತದೆಂದು ಹುಬ್ಬು ಗಂಟಿಕ್ಕಬಹುದು. ಆ ಮಾತನ್ನು ವೈದ್ಯೆಯ ಮುಂದಿಟ್ಟೆ. "ಊಟವಾದ ಕೂಡಲೇ ಬೇಡ, ವಾರಕ್ಕೊಮ್ಮೆ ಸಾಕು. ಎಲ್ಲರ ಜೊತೆ ಕೂತು ತಿನ್ನುವುದೂ ಮಗುವಿಗೆ ಒಂದು ಔಷಧಿಯೇ" ಎಂದರು.

ಅಜ್ಜಿಗೆ ಮಾತ್ರ ಒಂದು ಸಂದೇಹ ಉಳಿದಿತ್ತು. ಫ್ರಿಜ್ಜಿನಲ್ಲಿಟ್ಟದ್ದನ್ನು, ಅದೂ ಐಸ್‌ಕ್ರೀಮನ್ನು, ಲಿಂಗಕ್ಕೆ ಅರ್ಪಿಸಬಹುದೇ ಎಂದು ಕೇಳಿದರು. "ತಾಯಿ, ಮನೆಯಲ್ಲಿ ಶುಚಿಯಾಗಿ ಮಾಡಿದ್ದು, ಕಾಯಿ ಬೆಲ್ಲ ರಾಗಿಯಲ್ಲದೆ ಬೇರೇನೂ ಇಲ್ಲ. ಉಣ್ಣುವುದನ್ನೆಲ್ಲ ಅರ್ಪಿಸಿಯೇ ಉಣ್ಣುವವರು ನಾವು. ಇದೊಂದನ್ನು ಬಿಡುವುದು ಹೇಗೆ?" ಎಂದೆ. ಈ ವರ್ಷದ ಬಸವ ಜಯಂತಿಗೆ ಅವರು ದೊಡ್ಡ ಪಾತ್ರೆಯಲ್ಲಿ ಅದನ್ನು ಮಾಡಿಸಿ ಮಠಕ್ಕೆ ತಂದಿದ್ದರು. ಹೊಸನಗರದ ಕಡೆಯಿಂದ ಬರುವಷ್ಟರಲ್ಲಿ ಅರ್ಧ ಕರಗಿಹೋಗಿತ್ತು. ಪಂಕ್ತಿಯಲ್ಲಿ ಪಾಯಸದ ಪಕ್ಕದಲ್ಲೇ ಅದನ್ನೂ ಬಡಿಸಿದರು. ಮಗು ಈ ಸಲವೂ ನನ್ನ ಬಲಕ್ಕೇ ಕುಳಿತಿತ್ತು. ಪಾಯಸದವರು ಬಂದಾಗ ಒಮ್ಮೆ ನನ್ನತ್ತ ನೋಡಿ, ಎಲೆಗೆ ಕೈ ಅಡ್ಡ ಹಿಡಿಯಿತು. ನಾನು ಸುಮ್ಮನಿದ್ದೆ.